ಹಡಗು ಎಷ್ಟು ಅಂತ ಬರೆದರೆ ಸಾಲದು, ಹೊರಡುವಂಥದ್ದು ಎಷ್ಟು ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ನೌಕಾಪಡೆಯ ಸುದ್ದಿ ಬಂದಾಗಲೆಲ್ಲ ಬಿಡದೆ ಓದುವವ ನಾನು. ಕಾಸರಗೋಡಿನವರಿಗೆ ಅದೇನು ದೂರದ ಸುದ್ದಿಯಲ್ಲ. ದಕ್ಷಿಣಕ್ಕೆ ರೈಲು ಹತ್ತಿದರೆ ಪಯ್ಯನ್ನೂರಿನ ಹತ್ತಿರ ಏಳಿಮಲೆ, ಅಲ್ಲಿ ನೌಕಾ ಅಕಾಡೆಮಿ. ಉತ್ತರಕ್ಕೆ ಹೋದರೆ ಕಾರವಾರದಲ್ಲಿ ಕದಂಬ ನೌಕಾನೆಲೆ. ಆದರೆ ಸುದ್ದಿಯಲ್ಲಿ ಬರುವುದು ಯಾವಾಗಲೂ ಒಂದೇ ಲೆಕ್ಕ. ನಮ್ಮ ಹತ್ತಿರ ಇಷ್ಟು ಹಡಗು, ಚೀನಾ ಹತ್ತಿರ ಅಷ್ಟು, ಇನ್ನು ಇಂತಿಷ್ಟು ಬರಲಿಕ್ಕುಂಟು, ಮುಗಿಯಿತು. ಮೂವತ್ತು ವರ್ಷ ಪ್ಲಸ್ ಟೂ ಮಕ್ಕಳಿಗೆ ಗಣಿತ ಹೇಳಿಕೊಟ್ಟವನಿಗೆ ಇದನ್ನು ಓದಿ ಸುಮ್ನೆ ಕೂರಲಾಗುವುದಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆದೀತು, ಕತ್ತರಿ ಹಾಕುವುದಾದರೆ ಲೆಕ್ಕ ಇರುವ ಜಾಗಕ್ಕೆ ಮಾತ್ರ ಹಾಕಬೇಡಿ.

ನಮ್ಮ ಹಳೆಯ ವಿಕ್ರಾಂತ್ ವಿಮಾನವಾಹಕ ನೌಕೆಯನ್ನೇ ತೆಗೆದುಕೊಳ್ಳಿ. 1961ರಲ್ಲಿ ಅದು ನೌಕಾಪಡೆಗೆ ಸೇರಿದಾಗ ಇಡೀ ದೇಶಕ್ಕೇ ಹೆಮ್ಮೆ. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾದಾಗ ಅದು ಎಲ್ಲಿತ್ತು? ಮುಂಬಯಿಯಲ್ಲಿ, ರಿಪೇರಿಗೆ. 1971ರ ಯುದ್ಧದ ಹೊತ್ತಿಗೆ ಅದರ ಒಂದು ಬಾಯ್ಲರ್‌ನಲ್ಲಿ ಬಿರುಕು. ಪೂರ್ತಿ ವೇಗದಲ್ಲಿ ಹೋಗಲಾಗದಿದ್ದರೂ ಬಂಗಾಳ ಕೊಲ್ಲಿಗೆ ಕಳಿಸಿದರು, ಅದರ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು. ಪಟ್ಟಿಯಲ್ಲಿ ಎರಡೂ ಸಲ ‘ಒಂದು’ ಅಂತಲೇ ಇದ್ದ ಹಡಗು, ಕೆಲಸಕ್ಕೆ ಬಂದ ಲೆಕ್ಕದಲ್ಲಿ 1965ರಲ್ಲಿ ಸೊನ್ನೆ, 1971ರಲ್ಲಿ ಮುಕ್ಕಾಲು ಅಂತ ಇಟ್ಟುಕೊಳ್ಳಿ.

ನೌಕಾಪಡೆಗಳಲ್ಲಿ ಒಂದು ಹಳೆಯ ಅಂದಾಜು ಉಂಟು. ಒಂದು ಹಡಗು ಯಾವಾಗಲೂ ಸಮುದ್ರದಲ್ಲಿ ಇರಬೇಕಾದರೆ ಮೂರು ಬೇಕು. ಒಂದು ಹೊರಗೆ, ಒಂದು ರಿಪೇರಿಯಲ್ಲಿ, ಇನ್ನೊಂದು ರಿಪೇರಿ ಮುಗಿಸಿ ತರಬೇತಿಯಲ್ಲಿ. ಬ್ರಿಟನ್ 1969ರಿಂದ ಒಂದಾದರೂ ಅಣ್ವಸ್ತ್ರ ಜಲಾಂತರ್ಗಾಮಿಯನ್ನು ನೀರಿನಡಿ ಇಟ್ಟುಕೊಂಡೇ ಬಂದಿದೆ, ಅದಕ್ಕಾಗಿ ಅವರು ಸಾಕುವುದು ನಾಲ್ಕನ್ನು. ಆ ನಾಲ್ಕರಲ್ಲಿ ವ್ಯಾನ್‌ಗಾರ್ಡ್ ಎಂಬುದು 2015ರ ಡಿಸೆಂಬರ್‌ನಲ್ಲಿ ಡೆವನ್‌ಪೋರ್ಟ್ ಯಾರ್ಡಿಗೆ ರಿಪೇರಿಗೆ ಹೋಯಿತು. ಹೊರಗೆ ಬಂದದ್ದು 2023ರಲ್ಲಿ! ಉಳಿದ ಮೂರು ಅದರ ಪಾಲಿನ ಕೆಲಸವನ್ನೂ ಹೊರಬೇಕಾಯಿತು. ಒಳಗಿದ್ದ ನಾವಿಕರು ಸೂರ್ಯನನ್ನು ಕಾಣದೆ ತಿಂಗಳುಗಟ್ಟಲೆ ಜಾಸ್ತಿ ಕಳೆದರು. ಹಡಗು ಕಮ್ಮಿಯಾಗಿ ಹೀಗಾದದ್ದಲ್ಲ ಅಲ್ವಾ? ಒಂದು ತಾರೀಖು ತಪ್ಪಿತು, ಅಷ್ಟೇ.

ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ನನ್ನ ಹಳೆಯ ವಿದ್ಯಾರ್ಥಿ ಒಬ್ಬನಿಂದ. ನೌಕಾಪಡೆಯಲ್ಲಿ ಇಂಜಿನ್ ಕಡೆಯ ಕೆಲಸ ಮಾಡಿ ಪೆನ್ಶನ್ ತೆಗೆದುಕೊಂಡು ಈಗ ಉಪ್ಪಳದ ಹತ್ತಿರ ತೋಟ ನೋಡಿಕೊಂಡಿದ್ದಾನೆ. ಒಂದು ದಿನ ಮನೆಗೆ ಬಂದವ ಮಾತಿನ ಮಧ್ಯೆ ಹೇಳಿದ, “ಮಾಷ್ಟ್ರೆ, ನೀವು ಲೀನಿಯರ್ ಪ್ರೋಗ್ರಾಮಿಂಗ್ ಅಂತ ಬೋರ್ಡಿನಲ್ಲಿ ಗೆರೆ ಎಳೆದು ಮೂಲೆಗೆ ಬಣ್ಣ ಹಚ್ಚಿಸ್ತಿದ್ರಲ್ಲ, ನಮ್ಮ ಹಡಗು ಡಾಕಿಗೆ ಹೋಗುವ ತಾರೀಖು ಅದೇ ಲೆಕ್ಕ.” ಡಾಕ್ ಅಂದರೆ ಹಡಗನ್ನು ಒಳಗೆ ಎಳೆದು, ನೀರು ಖಾಲಿ ಮಾಡಿ ರಿಪೇರಿ ಮಾಡುವ ಜಾಗ. ನಾನು ನಗಾಡಿದೆ. ಆ ಅಧ್ಯಾಯ ಪಠ್ಯಪುಸ್ತಕದ ಕೊನೆಯ ಹತ್ತಿರ ಬರುತ್ತದೆ, ಪರೀಕ್ಷೆ ಹತ್ತಿರ ಆದ್ದರಿಂದ ಮಕ್ಕಳೂ ಓಡಿಸುತ್ತಾರೆ, ನಾವೂ ಓಡಿಸುತ್ತೇವೆ. ಕುರ್ಚಿ ಎಷ್ಟು ಮೇಜು ಎಷ್ಟು ಮಾಡಿದರೆ ಲಾಭ ಜಾಸ್ತಿ ಅನ್ನುವ ಲೆಕ್ಕ. ಅದಕ್ಕೂ ಯುದ್ಧನೌಕೆಗೂ ಎಂತ ಸಂಬಂಧ ಅಂತ ಕೇಳಿದರೆ ಅವನು ಕಾಗದ ಪೆನ್ನು ಕೇಳಿದ.

ಅವನು ಬರೆದದ್ದನ್ನು ಸ್ವಲ್ಪ ಸುಲಭ ಮಾಡಿ ಹೇಳುತ್ತೇನೆ. ಸಂಖ್ಯೆಗಳು ಕಲ್ಪಿತ, ಲೆಕ್ಕ ಮಾತ್ರ ನಿಜ. ಆರು ಹಡಗು ಉಂಟು, ಡಾಕ್ ಒಂದೇ. ಎರಡು ವರ್ಷಕ್ಕೊಮ್ಮೆ ಪ್ರತಿ ಹಡಗೂ ನಾಲ್ಕು ತಿಂಗಳು ಡಾಕಿನಲ್ಲಿ ಕೂರಬೇಕು. ಅಲ್ಲಿಂದ ಹೊರಬಂದ ಮೇಲೆ ಮೂರು ತಿಂಗಳು ಪರೀಕ್ಷೆ, ತರಬೇತಿ, ಗುಂಡು ಹಾರಿಸುವ ಅಭ್ಯಾಸ. ಯಾಕೆಂದರೆ ಅಷ್ಟು ಹೊತ್ತಿಗೆ ಅರ್ಧ ಜನ ವರ್ಗವಾಗಿ ಹೊಸಬರು ಬಂದಿರುತ್ತಾರೆ. ಅಂದರೆ 24 ತಿಂಗಳಲ್ಲಿ ಏಳು ಹೋಯಿತು, ಉಳಿದದ್ದು 17. ಆರು ಹಡಗಿಗೆ ಸರಾಸರಿ ತೆಗೆದರೆ ಯಾವುದೇ ದಿನ ನಾಲ್ಕೂಕಾಲು ಹಡಗು ಸಿಗುತ್ತದೆ. ಪತ್ರಿಕೆಯಲ್ಲಿ ಆರು ಅಂತ ಬರುತ್ತದೆ.

ಈಗ ಡಾಕಿನ ಕಡೆಯಿಂದ ನೋಡಿ. ಆರು ಹಡಗು, ತಲಾ ನಾಲ್ಕು ತಿಂಗಳು, ಒಟ್ಟು 24. ಡಾಕ್ ಒಂದು ದಿನವೂ ಖಾಲಿ ಇಲ್ಲ. ಮೇಲಿನ ಅಧಿಕಾರಿಗೆ ತೋರಿಸಲು ಇದಕ್ಕಿಂತ ಚಂದದ ಪಟ್ಟಿ ಬೇರೆ ಬೇಕಾ? ಆದರೆ ಮೊದಲನೇ ಹಡಗನ್ನು ಡಾಕಿಗೆ ಎಳೆದು, ನೀರು ಖಾಲಿ ಮಾಡಿ, ತಳ ಕೆರೆದು ನೋಡಿದಾಗ ತಗಡು ತುಕ್ಕು ಹಿಡಿದದ್ದು ಕಾಣುತ್ತದೆ. “ಬಿಚ್ಚಿ ನೋಡುವವರೆಗೆ ಅದರ ಹೊಟ್ಟೆಯಲ್ಲಿ ಎಂತ ಉಂಟು ಅಂತ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ ಮಾಷ್ಟ್ರೆ” ಅಂದ ಅವನು. ಪಂಪು ಬಿಚ್ಚಿದರೆ ಶಾಫ್ಟ್ ಸವೆದಿದೆ, ಬಿಡಿಭಾಗ ಬರಬೇಕು, ಬರುವುದು ಹೊರದೇಶದಿಂದ. ನಾಲ್ಕು ತಿಂಗಳು ಆರಾಗುತ್ತದೆ. ಅದರ ಹಿಂದೆ ಸಾಲಿನಲ್ಲಿರುವ ಐದೂ ಹಡಗುಗಳ ತಾರೀಖು ಎರಡೆರಡು ತಿಂಗಳು ಮುಂದಕ್ಕೆ. ಎರಡನೆಯದಕ್ಕೂ ಹಾಗೇ ಆದರೆ ಮೂರನೆಯದು ನಾಲ್ಕು ತಿಂಗಳು ತಡ. ಕಾಯುವ ಹಡಗು ಸುಮ್ಮನೆ ಕಾಯುವುದೂ ಇಲ್ಲ, ಕಾಯುತ್ತಾ ಇನ್ನಷ್ಟು ಸವೆಯುತ್ತದೆ, ಅದರ ಕೆಲಸ ಬೆಳೆಯುತ್ತದೆ. ಎಷ್ಟೋ ದೇಶಗಳಲ್ಲಿ ಆಗ ಮಾಡುವುದು ಒಂದೇ, ಪಕ್ಕದಲ್ಲಿ ನಿಂತ ಹಡಗಿನಿಂದ ಬಿಚ್ಚಿ ಇದಕ್ಕೆ ಹಾಕುವುದು. ಈ ಹಡಗು ಹೊರಟಿತು, ಆ ಹಡಗು ಕೂತಿತು.

ಇಷ್ಟಕ್ಕೂ ಯಾವ ಹಡಗು ಯಾವ ತಿಂಗಳು ಡಾಕಿಗೆ ಅಂತ ನಿರ್ಧರಿಸುವುದು ಹೇಗೆ? ಆರು ಹಡಗನ್ನು ಸಾಲಾಗಿ ನಿಲ್ಲಿಸುವ ಬಗೆ 720. ಹತ್ತು ಹಡಗಾದರೆ 36,28,800. ಅದರ ಮೇಲೆ ಷರತ್ತುಗಳು: ಯಾವ ತಿಂಗಳಲ್ಲೂ ನಾಲ್ಕಕ್ಕಿಂತ ಕಮ್ಮಿ ಹಡಗು ಇರಬಾರದು, ಒಂದೇ ತರಹದ ಎರಡು ಹಡಗು ಒಟ್ಟಿಗೆ ಕೂರಬಾರದು, ತರಬೇತಿ ಜೂನ್-ಜುಲೈಯ ಮಳೆಗಾಲದ ಕಡಲಿನಲ್ಲಿ ಬರಬಾರದು, ವೆಲ್ಡಿಂಗ್‌ನವರು ಎರಡು ಹಡಗಿಗೆ ಒಟ್ಟಿಗೆ ಸಿಗುವುದಿಲ್ಲ. ಇಲ್ಲಿ ಗಣಿತ ಬರುತ್ತದೆ. ಆರು ಹಡಗು, 24 ತಿಂಗಳು, ಒಟ್ಟು 144 ಚೌಕ ಬರೆಯಿರಿ. ಪ್ರತಿ ಚೌಕದಲ್ಲಿ ಒಂದು ಅಥವಾ ಸೊನ್ನೆ. ಈ ಹಡಗು ಈ ತಿಂಗಳು ಡಾಕಿಗೆ ಹೋಗುತ್ತದೆ ಅಂದರೆ ಒಂದು, ಇಲ್ಲ ಅಂದರೆ ಸೊನ್ನೆ. ಷರತ್ತುಗಳೆಲ್ಲ ಈ ಚೌಕಗಳ ಕೂಡುವ ಲೆಕ್ಕಗಳಾಗುತ್ತವೆ. ಕುರುಡಾಗಿ ಎಲ್ಲ ಬಗೆಯನ್ನೂ ತುಂಬಿಸಿ ನೋಡುತ್ತೇನೆ ಅಂದರೆ ಅದು 44 ಅಂಕೆಯ ಸಂಖ್ಯೆ, ಯಾವ ಕಂಪ್ಯೂಟರೂ ಮುಗಿಸಲಾರದು.

ನಮ್ಮ ಪ್ಲಸ್ ಟೂ ಲೆಕ್ಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಅಲ್ಲಿ ಎರಡೂವರೆ ಅಂತ ಉತ್ತರ ಬಂದರೂ ಮಾರ್ಕು ಸಿಗುತ್ತದೆ. ಹಡಗನ್ನು ಅರ್ಧ ಮಾರ್ಚ್‌ನಲ್ಲಿ, ಇನ್ನರ್ಧ ಜುಲೈಯಲ್ಲಿ ಡಾಕಿಗೆ ಹಾಕಲಾಗುತ್ತದಾ ಮಾರಾಯ್ರೆ? 1960ರಲ್ಲಿ ಐಲ್ಸಾ ಲ್ಯಾಂಡ್, ಆಲಿಸನ್ ಡೋಯ್ಗ್ ಎಂಬ ಇಬ್ಬರು ಮಹಿಳೆಯರು ಇದಕ್ಕೊಂದು ದಾರಿ ತೋರಿಸಿದರು. ಮೊದಲು ಅರ್ಧ ಬಂದರೂ ಬರಲಿ ಅಂತ ಲೆಕ್ಕ ಬಿಡಿಸುವುದು. ಎಲ್ಲಿ ಅರ್ಧ ಬಂತೋ ಅಲ್ಲಿ ಎರಡು ಕವಲು ಮಾಡುವುದು, ಒಂದರಲ್ಲಿ ಸೊನ್ನೆ ಅಂತ ಗಟ್ಟಿ, ಇನ್ನೊಂದರಲ್ಲಿ ಒಂದು ಅಂತ ಗಟ್ಟಿ. ಒಂದು ಕವಲಿನ ಅತಿ ಒಳ್ಳೆಯ ಉತ್ತರವೇ ಈಗಾಗಲೇ ಕೈಯಲ್ಲಿರುವ ಉತ್ತರಕ್ಕಿಂತ ಕೆಟ್ಟದಾಗಿದ್ದರೆ, ಅದರ ಕೆಳಗಿನ ಕೋಟಿಗಟ್ಟಲೆ ಬಗೆಗಳನ್ನು ನೋಡದೆಯೇ ಕಡಿದು ಬಿಸಾಡುವುದು. ಇಂದಿಗೂ ಈ ತರಹದ ಸಾಫ್ಟ್‌ವೇರುಗಳ ಬುಡದಲ್ಲಿ ಇರುವುದು ಈ ಉಪಾಯವೇ. ಅರ್ಧ ಬಂದರೂ ಬರಲಿ ಅನ್ನುವ ಮೊದಲ ಹೆಜ್ಜೆಯ ಲೆಕ್ಕಕ್ಕೆ 1947ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಸಿಗ್ ಒಂದು ಕ್ರಮ ಕೊಟ್ಟಿದ್ದರು. 1984ರಲ್ಲಿ ನಮ್ಮ ದೇಶದವರೇ ಆದ ನರೇಂದ್ರ ಕರ್ಮಾರ್ಕರ್ ಇನ್ನೊಂದು ಹೊಸ ದಾರಿ ಕೊಟ್ಟರು. ಪಾಠ ಮಾಡುವಾಗ ಇದನ್ನೆಲ್ಲ ಹೇಳಲು ಪೀರಿಯಡ್ ಎಲ್ಲಿ ಸಾಕಾಗುತ್ತದೆ?

ನೌಕಾಪಡೆಗೂ ಈ ಗಣಿತಕ್ಕೂ ನಂಟು ಹೊಸತೇನಲ್ಲ. ಡಾಂಟ್ಸಿಗ್ ಮತ್ತು ಫಲ್ಕರ್ಸನ್ 1954ರಲ್ಲಿ ಬರೆದ ಒಂದು ಲೇಖನದ ಪ್ರಶ್ನೆ ಇದು: ಅಮೆರಿಕದ ನೌಕಾಪಡೆಗೆ ಎಣ್ಣೆ ಸಾಗಿಸುವ ಟ್ಯಾಂಕರುಗಳು ಯಾವ ದಿನ ಎಲ್ಲಿ ತುಂಬಿಸಿ ಎಲ್ಲಿ ಇಳಿಸಬೇಕು ಅಂತ ಮೊದಲೇ ಗೊತ್ತಿದ್ದರೆ, ಕನಿಷ್ಠ ಎಷ್ಟು ಟ್ಯಾಂಕರ್ ಸಾಕು? ಒಂದು ಕಡೆ ಇಳಿಸಿದ ಟ್ಯಾಂಕರ್ ಮುಂದಿನ ಲೋಡಿಗೆ ಹೊತ್ತಿಗೆ ಸರಿಯಾಗಿ ತಲುಪುತ್ತದೋ ಇಲ್ಲವೋ ಅಂತ ಜೋಡಿಸುತ್ತಾ ಹೋದರೆ ಸರಪಳಿಗಳಾಗುತ್ತವೆ, ಸರಪಳಿ ಎಷ್ಟು ಕಮ್ಮಿಯೋ ಟ್ಯಾಂಕರ್ ಅಷ್ಟು ಕಮ್ಮಿ. ಆಮೇಲೆ 1990ರಲ್ಲಿ ಅಮೆರಿಕದ ಮಾಂಟೆರೆಯ ನೌಕಾ ಸ್ನಾತಕೋತ್ತರ ಶಾಲೆಯವರು ಅಟ್ಲಾಂಟಿಕ್ ಪಡೆಯ ಯುದ್ಧನೌಕೆಗಳ ಇಡೀ ವರ್ಷದ ವೇಳಾಪಟ್ಟಿಯನ್ನೇ ಹೀಗೆ ಬಿಡಿಸಿ ತೋರಿಸಿದರು.

ಇಷ್ಟು ಓದಿ ‘ಹಾಗಾದರೆ ಕಂಪ್ಯೂಟರಿಗೆ ಕೊಟ್ಟರಾಯಿತು’ ಅಂತ ಯಾರಾದರೂ ಅಂದುಕೊಂಡರೆ, ಸ್ವಲ್ಪ ತಡೆಯಿರಿ. ಈ ಪತ್ರ ಬರೆಯಲು ಕೂತದ್ದೇ ಮುಂದಿನ ಮಾತಿಗಾಗಿ.

ಕಂಪ್ಯೂಟರ್ ನೀವು ಕೇಳಿದ್ದನ್ನು ಕೊಡುತ್ತದೆ. ಏನನ್ನು ಜಾಸ್ತಿ ಮಾಡಬೇಕು ಅಂತ ಕೇಳುವುದರಲ್ಲೇ ದಾರಿ ತಪ್ಪಿದರೆ ಉತ್ತರ ಸರಿ ಇದ್ದೂ ಕೆಲಸ ಹಾಳು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕೋಸ್ಟಲ್ ಕಮಾಂಡ್, ಅಂದರೆ ಕಡಲು ಕಾಯುವ ವಾಯುಪಡೆಯ ವಿಭಾಗ, ಜರ್ಮನಿಯ ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯಲು ವಿಮಾನ ಕಳಿಸುತ್ತಿತ್ತು. ಯಾವ ಹೊತ್ತಿಗೆ ನೋಡಿದರೂ ಮುಕ್ಕಾಲು ಪಾಲಿನಷ್ಟು ವಿಮಾನ ಹಾರಲು ಸಿದ್ಧವಾಗಿ ನಿಂತಿರಬೇಕು ಎಂಬುದು ಅವರ ಗುರಿ. ಕೇಳಲಿಕ್ಕೆ ಎಷ್ಟು ಶಿಸ್ತು! ಅಲ್ಲಿಗೆ ಸೆಸಿಲ್ ಗಾರ್ಡನ್ ಎಂಬ ಒಬ್ಬ ತಳಿವಿಜ್ಞಾನಿ ಬಂದರು. ವಿಮಾನದ ಕೆಲಸ ಅವರದ್ದಲ್ಲವೇ ಅಲ್ಲ, ಅದೇ ಒಳ್ಳೆಯದಾಯಿತೇನೋ. ಅವರು ಹೇಳಿದ್ದು ಸರಳ. ಮುಕ್ಕಾಲು ಪಾಲು ಸಿದ್ಧ ಇರಬೇಕು ಅಂದರೆ ಸುಲಭದ ಉಪಾಯ ವಿಮಾನ ಹಾರಿಸದೆ ಇರುವುದು. ಹಾರದ ವಿಮಾನ ಕೆಡುವುದಿಲ್ಲ, ರಿಪೇರಿಗೆ ಬರುವುದಿಲ್ಲ, ಪಟ್ಟಿಯಲ್ಲಿ ‘ಸಿದ್ಧ’ ಅಂತ ಮಿಂಚುತ್ತಿರುತ್ತದೆ. ಆ ಕಡೆ ಮೆಕ್ಯಾನಿಕ್ಕುಗಳಿಗೆ ಕೆಲಸ ಇಲ್ಲ. ಎಣಿಸಬೇಕಾದದ್ದು ಸಿದ್ಧ ನಿಂತ ವಿಮಾನವನ್ನಲ್ಲ, ಇರುವ ಮೆಕ್ಯಾನಿಕ್ಕುಗಳಿಂದ ಎಷ್ಟು ಗಂಟೆ ಹಾರಾಟ ಸಿಗುತ್ತದೆ ಎಂಬುದನ್ನು. ಹಾರಾಟ ಮತ್ತು ರಿಪೇರಿ ಎರಡನ್ನೂ ಒಟ್ಟಿಗೆ ಯೋಜನೆ ಹಾಕಿ ಒಂದು ಸ್ಕ್ವಾಡ್ರನ್‌ನಲ್ಲಿ ಪ್ರಯೋಗ ಮಾಡಿದರು. ಅಷ್ಟೇ ಜನ, ಅಷ್ಟೇ ವಿಮಾನ, ಹಾರಾಟದ ಗಂಟೆಗಳು ದುಪ್ಪಟ್ಟಿನ ಹತ್ತಿರ ಹೋದವು.

ಇದನ್ನು ಹಡಗಿಗೆ ಹಾಕಿ ನೋಡಿ. ‘ಇವತ್ತು ನೂರಕ್ಕೆ ಎಷ್ಟು ಹಡಗು ಸಿದ್ಧ?’ ಅಂತ ಮೇಲಿನವರು ದಿನಾ ಕೇಳಿದರೆ ಕೆಳಗಿನವರು ಏನು ಮಾಡುತ್ತಾರೆ? ಡಾಕಿನ ತಾರೀಖು ಮುಂದೂಡುತ್ತಾರೆ. ಇವತ್ತಿನ ಅಂಕಿ ಚಂದ ಕಾಣುತ್ತದೆ, ಮುಂದಿನ ವರ್ಷ ಎರಡು ಹಡಗು ಒಟ್ಟಿಗೆ ಕೂರುತ್ತವೆ. ಅಮೆರಿಕದ ಬಾಯ್ಸಿ ಎಂಬ ಜಲಾಂತರ್ಗಾಮಿ 2015ರಲ್ಲಿ ಕೊನೆಯ ಸಲ ಕೆಲಸಕ್ಕೆ ಹೋಗಿ ಬಂತು. ದೊಡ್ಡ ರಿಪೇರಿಗೆ ಯಾರ್ಡಿನಲ್ಲಿ ಜಾಗ ಸಿಗದೆ ಕಾದು ಕಾದು 2017ಕ್ಕೆ ಮುಳುಗುವ ಪರವಾನಗಿಯೇ ಹೋಯಿತು. ರಿಪೇರಿಯ ಗುತ್ತಿಗೆ ಕೊಟ್ಟದ್ದು 2024ರಲ್ಲಿ. ಅಷ್ಟೂ ವರ್ಷ ಅದು ಪಟ್ಟಿಯಲ್ಲಿ ‘ಒಂದು’ ಅಂತಲೇ ಇತ್ತು.

ರಿಪೇರಿ ತಪ್ಪಿದರೆ ಹಡಗು ಕೂರುತ್ತದೆ, ತರಬೇತಿ ತಪ್ಪಿದರೆ ಜನ ಸಾಯುತ್ತಾರೆ. 2017ರಲ್ಲಿ ಜಪಾನಿನಲ್ಲಿ ನೆಲೆಯಿದ್ದ ಅಮೆರಿಕದ ಎರಡು ಯುದ್ಧನೌಕೆಗಳು, ಜೂನ್‌ನಲ್ಲಿ ಫಿಟ್ಜೆರಾಲ್ಡ್, ಆಗಸ್ಟ್‌ನಲ್ಲಿ ಮೆಕೇನ್, ಸರಕು ಸಾಗಣೆಯ ಹಡಗುಗಳಿಗೆ ಡಿಕ್ಕಿ ಹೊಡೆದು ಒಟ್ಟು 17 ನಾವಿಕರು ತೀರಿಕೊಂಡರು. ಅಲ್ಲಿನ ಸರ್ಕಾರಿ ಲೆಕ್ಕ ಪರಿಶೋಧಕರು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೂತಿದೆ. ಜಪಾನಿನ ಆ ಹಡಗುಗಳ ವೇಳಾಪಟ್ಟಿಯಲ್ಲಿ ತರಬೇತಿಗೆಂದೇ ಮೀಸಲಾದ ಸಮಯ ಇರಲಿಲ್ಲ. ಮುಂಚೂಣಿಯಲ್ಲಿ ಇರುವುದರಿಂದ ಯಾವಾಗಲೂ ಹೊರಡಬೇಕು, ತರಬೇತಿ ಸಿಕ್ಕಿದ ಹೊತ್ತಿಗೆ. 2017ರ ಜೂನ್ ಹೊತ್ತಿಗೆ ಅವರ ಅರ್ಹತಾ ಪ್ರಮಾಣಪತ್ರಗಳಲ್ಲಿ ನೂರಕ್ಕೆ 37ರ ಅವಧಿ ಮುಗಿದಿತ್ತು. ನನ್ನ ಆರು ಹಡಗಿನ ಲೆಕ್ಕದಲ್ಲಿ ಮೂರು ತಿಂಗಳ ತರಬೇತಿಯನ್ನು ತೆಗೆದುಬಿಟ್ಟರೆ ನಾಲ್ಕೂಕಾಲು ಹಡಗು ಒಮ್ಮೆಲೇ ಐದಾಗುತ್ತದೆ. ಕಾಗದದ ಮೇಲೆ ಅದು ಪ್ರಗತಿ. ಹಾಗಾಗಿ ತರಬೇತಿಯನ್ನು ಷರತ್ತಾಗಿ ಬರೆಯಬೇಕು, ಯಾರೂ ಮುಟ್ಟದ ಹಾಗೆ. ಜಾಗ ಉಳಿದರೆ ತುಂಬಿಸೋಣ ಅಂತ ಬಿಟ್ಟರೆ ಕಂಪ್ಯೂಟರ್ ಮೊದಲು ತಿನ್ನುವುದು ಅದನ್ನೇ.

ನಮ್ಮಲ್ಲೂ ತೊಂದರೆ ಇಲ್ಲದೆ ಇಲ್ಲ. 2005ರಿಂದ 2010ರ ನಡುವಿನ 152 ರಿಫಿಟ್‌ಗಳನ್ನು (ಹಡಗಿನ ದೊಡ್ಡ ರಿಪೇರಿಗಳನ್ನು) ನೋಡಿದ ನಮ್ಮ ಸರ್ಕಾರಿ ಲೆಕ್ಕ ಪರಿಶೋಧಕರು, ಅಂದರೆ ಸಿಎಜಿ, ಮುಕ್ಕಾಲು ಪಾಲು ತಡವಾಗಿ ಮುಗಿದವು ಅಂತ ವರದಿ ಕೊಟ್ಟಿತ್ತು. ಇದನ್ನು ಯಾರನ್ನೋ ಬೈಯಲು ಹೇಳುತ್ತಿಲ್ಲ, ಬೇರೆ ದೇಶದವರದ್ದು ಮೇಲೆ ಹೇಳಿದೆನಲ್ಲ. ನನ್ನ ದೂರು ತಡದ ಬಗ್ಗೆಗಿಂತ ಪಟ್ಟಿಯ ಬಗ್ಗೆ. ಮುಕ್ಕಾಲು ಪಾಲು ತಡವಾಗುತ್ತದೆ ಅಂತ ಅನುಭವದಿಂದ ಗೊತ್ತಿದ್ದ ಮೇಲೆ, ಎಲ್ಲವೂ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ ಅಂತ ಹಿಡಿದು ವೇಳಾಪಟ್ಟಿ ಹಾಕುವುದು ಯಾವ ಗಣಿತ? ನಾಲ್ಕು ತಿಂಗಳು ಅನ್ನುವ ಕಡೆ ‘ನಾಲ್ಕರಿಂದ ಏಳು, ಹೆಚ್ಚಾಗಿ ಐದು’ ಅಂತ ಕೊಡಬೇಕು. ನನ್ನ ಲೆಕ್ಕದ ಆರನೇ ಹಡಗನ್ನು ಬೇರೆ ಯಾರ್ಡಿಗೆ ಕಳಿಸಿ ಡಾಕನ್ನು 24ರಲ್ಲಿ ನಾಲ್ಕು ತಿಂಗಳು ಖಾಲಿ ಬಿಟ್ಟರೆ, ಮೊದಲನೇ ಹಡಗಿನ ಎರಡು ತಿಂಗಳ ತಡವನ್ನು ಆ ಖಾಲಿ ಜಾಗವೇ ನುಂಗುತ್ತದೆ. ಆದರೆ ಆಡಿಟ್‌ನವರು ಬಂದು ಡಾಕ್ ಯಾಕೆ ಖಾಲಿ ಅಂತ ಕೇಳುತ್ತಾರೆ, ಅದಕ್ಕೆ ಉತ್ತರ ಕೊಡುವ ಧೈರ್ಯ ಬೇಕು. 2016ರ ಡಿಸೆಂಬರ್‌ನಲ್ಲಿ ಮುಂಬಯಿ ಡಾಕ್‌ಯಾರ್ಡಿನಲ್ಲಿ ಬೇತ್ವಾ ನೌಕೆ ಡಾಕಿನಿಂದ ಹೊರಬರುವ ಹೊತ್ತಿಗೆ ಪಕ್ಕಕ್ಕೆ ಮಗುಚಿ ಬಿತ್ತು, ಇಬ್ಬರು ನಾವಿಕರು ತೀರಿಕೊಂಡರು. ಹಡಗನ್ನು ಮತ್ತೆ ನೆಟ್ಟಗೆ ನಿಲ್ಲಿಸಿದ್ದು ಮುಂದಿನ ಫೆಬ್ರವರಿಯಲ್ಲಿ. ಅಷ್ಟು ದಿನ ಆ ಡಾಕ್ ಬೇರೆಯವರಿಗೆ ಇಲ್ಲ. ಇಂಥದ್ದನ್ನು ಯಾವ ಸೂತ್ರವೂ ಮೊದಲೇ ಹೇಳಲಾರದು, ಆದರೆ ಏನೋ ಒಂದು ಆಗಿಯೇ ಆಗುತ್ತದೆ ಅಂತ ಜಾಗ ಬಿಡಬಹುದು.

ಕಾರವಾರದ ಬಗ್ಗೆಯೂ ಒಂದು ಮಾತು. ಅಲ್ಲಿ ಹತ್ತು ಸಾವಿರ ಟನ್ ಎತ್ತುವ ಶಿಪ್‌ಲಿಫ್ಟ್ ಉಂಟು. ಹಡಗನ್ನು ನೀರಿನಿಂದ ಮೇಲಕ್ಕೆತ್ತಿ ನೆಲದ ಮೇಲೆ ಪಕ್ಕಕ್ಕೆ ಸರಿಸಿ ನಿಲ್ಲಿಸಬಹುದು. ಹಾಗಾಗಿ ಒಂದು ಲಿಫ್ಟಿನಿಂದ ಹಲವು ಹಡಗಿಗೆ ಒಟ್ಟಿಗೆ ಕೆಲಸ ನಡೆಯುತ್ತದೆ, ಒಂದು ತಡವಾದರೂ ಇನ್ನೊಂದು ಕಾಯಬೇಕಿಲ್ಲ. ಹಡಗಿನ ಎಣಿಕೆಗಿಂತ ಇದು ದೊಡ್ಡ ಸುದ್ದಿ ಅಂತ ನನಗೆ ಅನಿಸುತ್ತದೆ. ಆದರೆ ಜಾಗ ಆದರೆ ಸಾಕೇ? ಆ ಹಡಗುಗಳ ಸುತ್ತ ನಿಂತು ಕೆಲಸ ಮಾಡುವ ಫಿಟ್ಟರುಗಳು, ವೆಲ್ಡರುಗಳು ಎಷ್ಟು ಜನ ಎಂಬಲ್ಲಿಗೆ ಇಕ್ಕಟ್ಟು ಹೋಗಿ ನಿಲ್ಲುತ್ತದೆ. ಇನ್ನು ಮುಂದೆ ಹೊಸ ಹಡಗಿನ ಸುದ್ದಿ ಹಾಕುವಾಗ ಅದರ ಉದ್ದ, ತೂಕ, ಕ್ಷಿಪಣಿಯ ಜೊತೆಗೆ ‘ಇದಕ್ಕೆ ಡಾಕ್ ಎಲ್ಲಿ, ರಿಪೇರಿ ಎಷ್ಟು ವರ್ಷಕ್ಕೊಮ್ಮೆ’ ಎಂದೂ ನಿಮ್ಮ ವರದಿಗಾರರು ಕೇಳಲಿ. ಗುಟ್ಟು ಅಂತ ಹೇಳದಿದ್ದರೆ ಬೇಡ, ಕೇಳಿದರೆ ನಷ್ಟ ಇಲ್ಲವಲ್ಲ.

ಕಡೆಗೆ ನಮ್ಮೂರಿನ ವಿಷಯ. ನೌಕಾಪಡೆಯ ವೇಳಾಪಟ್ಟಿ ನಮಗೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ಆದರೆ ಇದೇ ಲೆಕ್ಕ ನಮ್ಮ ಕಡಲ ಬದಿಯಲ್ಲಿ ಪ್ರತಿ ಮಳೆಗಾಲ ಬಿದ್ದಿರುತ್ತದೆ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ 52 ದಿನ, ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ವರೆಗೆ. ತಲಪಾಡಿ ದಾಟಿದರೆ ಕರ್ನಾಟಕದಲ್ಲಿ ಜೂನ್ 1ರಿಂದಲೇ, 61 ದಿನ. ಎಲ್ಲರ ಬೋಟೂ ಒಂದೇ ಹೊತ್ತಿಗೆ ಮೇಲೆ ಬರುತ್ತದೆ, ಎಲ್ಲರಿಗೂ ಒಂದೇ ಕ್ರೇನು, ಅದೇ ನಾಲ್ಕು ಮಂದಿ ಇಂಜಿನ್ ಮೆಕ್ಯಾನಿಕ್ಕುಗಳು, ಬಣ್ಣದವರು, ಬಲೆ ಹೊಲಿಯುವವರು. ಆಗಸ್ಟ್ ಒಂದನೇ ತಾರೀಖು ಹೊರಡಲಾಗದೆ ಗೇರ್‌ಬಾಕ್ಸ್ ಬಿಚ್ಚಿಟ್ಟುಕೊಂಡು ಕೂತ ಬೋಟಿನವನಿಗೆ ಒಂದೊಂದು ದಿನವೂ ಎಷ್ಟು ದುಬಾರಿ ಎಂಬುದು ಉಪ್ಪಳ, ಮಂಜೇಶ್ವರದವರಿಗೆ ನಾನು ಹೇಳಬೇಕಾಗಿಲ್ಲ.

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಗಣಿತ ವಿಭಾಗ ಉಂಟು, ಕಾಸರಗೋಡು ಸರ್ಕಾರಿ ಕಾಲೇಜಿನಲ್ಲೂ ಉಂಟು. ಲೆಕ್ಕ ಬಿಡಿಸುವ ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಾಗಿಯೂ ಇಲ್ಲ, ಹೈಸ್, ಸಿಬಿಸಿ ಅಂತ ಪುಕ್ಕಟೆ ಸಿಗುವಂಥವು ಇವೆ. ಎಂ.ಎಸ್ಸಿ. ಮಕ್ಕಳು ನಾಲ್ವರು ಮೇ ತಿಂಗಳಲ್ಲೇ ಬಂದರಿಗೆ ಹೋಗಿ ಯಾವ ಬೋಟಿಗೆ ಎಂತ ಕೆಲಸ, ಎಷ್ಟು ದಿನ, ಯಾರ ಕೈಯಲ್ಲಿ ಅಂತ ಬೋಟಿನವರ ಹತ್ತಿರ ಕೂತು ಬರೆದುಕೊಳ್ಳಲಿ. ಅದು ಮಲಯಾಳದಲ್ಲೋ ತುಳುವಿನಲ್ಲೋ ಆಗಬೇಕಾದೀತು, ಕಾಸರಗೋಡಿನ ಮಕ್ಕಳಿಗೆ ಅದೇನು ಕಷ್ಟವಲ್ಲ. ದಿನಗಳನ್ನು ಕೇಳುವಾಗ ಬೋಟಿನವ ‘ಎಂಟು ದಿನ’ ಅಂದರೆ ಹೋದ ವರ್ಷ ನಿಜಕ್ಕೂ ಎಷ್ಟಾಯಿತು ಅಂತಲೂ ಕೇಳಿ ಬರೆದುಕೊಳ್ಳಲಿ, ಎರಡೂ ಬೇಕು. ಮಾರ್ಗದರ್ಶನಕ್ಕೆ ಬೇಕಾದರೆ ನಾನು ಬರುತ್ತೇನೆ, ಉಪ್ಪಳದ ನನ್ನ ವಿದ್ಯಾರ್ಥಿಯನ್ನೂ ಕರೆತರುತ್ತೇನೆ. ಬಸ್ಸಿನ ಚಾರ್ಜು ನಮ್ಮದೇ.

ಇತಿ,
ನಿವೃತ್ತ ಗಣಿತ ಅಧ್ಯಾಪಕ
ಕುಂಬಳೆ, ಕಾಸರಗೋಡು